ಕೈಗೆ ಸಿಕ್ಕಿದರೂ ಹುಳಿ! ಚಳಿ ಜಾಗದಲ್ಲಿ ಬೀಜವಿಲ್ಲದ ದ್ರಾಕ್ಷಿ, ಬಳ್ಳಿ ಕಿತ್ತುಹಾಕಲಾ?

ಹಿತ್ತಲಗಿಡ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಗೋಳು, ಬೇಜಾರು ಮಾಡಿಕೊಳ್ಳಬೇಡಿ.

ಮನೆ ಹಿಂದೆ ಒಂದು ದ್ರಾಕ್ಷಿ ಬಳ್ಳಿ ಇದೆ. ನೆಟ್ಟು ಮೂರು ಬೇಸಿಗೆ ಕಳೆಯಿತು. ಚೀಟಿಯಲ್ಲಿ ‘ಹಿಮ್ರಾಡ್, ಬೀಜವಿಲ್ಲ, ಚಳಿ ತಡೆಯುತ್ತದೆ’ ಎಂದು ಬರೆದಿತ್ತು. ಮೊದಲ ಎರಡು ವರ್ಷ ಬರೀ ಎಲೆ. ಹೋದ ಬೇಸಿಗೆಯಲ್ಲಿ ಎಣಿಸಿದರೆ 34 ಗೊಂಚಲು! ಖುಷಿಗೆ ಒಂದನ್ನೂ ಕೀಳಲಿಲ್ಲ. ಗೊಬ್ಬರ ಹಾಕಿದೆ, ನೀರು ಹಾಕಿದೆ, ದಿನಾ ಹೋಗಿ ಮುಟ್ಟಿ ನೋಡಿ ಬಂದೆ. ಎಲೆ ಉದುರುವ ಕಾಲ ಬಂದರೂ ಕಾಯಿ ಹಸಿರು, ಹುಳಿ. ನರಿಗೆ ಕೈಗೆ ಸಿಗದ ದ್ರಾಕ್ಷಿ ಹುಳಿಯಾಗಿತ್ತು, ನನಗೆ ಕೈಗೆ ಸಿಕ್ಕಿದ್ದೂ ಹುಳಿ.

ಈ ಚಳಿಗಾಲದಲ್ಲಿ ಒಂದು ರಾತ್ರಿ ಮೈನಸ್ 23 ಡಿಗ್ರಿಗೆ ಹೋಯಿತು. ಈಗ ಹಿಮ ಕರಗುತ್ತಿದೆ. ಕಡ್ಡಿಗಳ ತುದಿ ಕಪ್ಪಾಗಿವೆ, ಬಗ್ಗಿಸಿದರೆ ಲಟಕ್ ಎಂದು ಮುರಿಯುತ್ತವೆ. ಬುಡದಲ್ಲಿ ಒಂದಡಿ ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸಲಾ? ಇಲ್ಲ ಕಿತ್ತು ಬೇರೆ ನೆಡಲಾ? ಮನೆಯವರಂತೂ ಆ ಜಾಗದಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟೋಣ ಎನ್ನುತ್ತಿದ್ದಾರೆ.

ಸುಮ್ನೆನೋಡುವವ
ಹಿಮ್ರಾಡ್ ಬಿಡಿ ಸರ್. ಥಾಮ್ಸನ್ ಸೀಡ್‌ಲೆಸ್ ಹಾಕಿ. ಅಂಗಡಿಯಲ್ಲಿ ಸಿಗುವ ಹಸಿರು ದ್ರಾಕ್ಷಿ ಅದೇ ಅಲ್ವಾ? ರುಚಿ ಗ್ಯಾರಂಟಿ.

ಲೆಕ್ಕದಮೇಷ್ಟ್ರು
ಮೈನಸ್ 23ಕ್ಕೆ ಥಾಮ್ಸನ್ನಾ? ಅದರ ಬಳ್ಳಿ ಸೌದೆಗೆ ಆಗುತ್ತದೆ ಅಷ್ಟೇ. ಅದು ಬಿಸಿಲು ನಾಡಿನ ಜಾತಿ, ವಿಟಿಸ್ ವಿನಿಫೆರಾ. ಮೈನಸ್ 15 ದಾಟಿದರೆ ಕಣ್ಣುಗಳು, ಅಂದರೆ ಕಡ್ಡಿಯ ಮೇಲಿನ ಚಿಗುರೊಡೆಯುವ ಮೊಗ್ಗುಗಳು, ಸಾಯಲು ಶುರುವಾಗುತ್ತವೆ. ಬದುಕಿ ಉಳಿದರೂ ಹಣ್ಣಾಗಲು ಉದ್ದನೆಯ ಬೇಸಿಗೆ ಬೇಕು, ನಮ್ಮಂಥ ಜಾಗದಲ್ಲಿ ಅದೇ ಇಲ್ಲ.

ತಮಾಷೆ ಏನೆಂದರೆ ಹಿಮ್ರಾಡ್ ಥಾಮ್ಸನ್‌ನ ಮಗುವೇ. ಒಂಟಾರಿಯೊ ಎಂಬ ಚಳಿ ತಡೆಯುವ ತಳಿಗೆ ಥಾಮ್ಸನ್ ಸೇರಿಸಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ್ದು. 1928ರಲ್ಲಿ ಮಾಡಿದ ಸಂಕರ, ತಳಿಯಾಗಿ ಹೊರಬಂದದ್ದು 1952ರಲ್ಲಿ. ಇಂಟರ್‌ಲೇಕನ್, ಲೇಕ್‌ಮಾಂಟ್ ಎರಡೂ ಅದೇ ತಂದೆತಾಯಿಯ ಮಕ್ಕಳು. ಅಂದರೆ ಹಿತ್ತಲಗಿಡ ಅವರ ಬಳ್ಳಿಗೆ ಥಾಮ್ಸನ್‌ನ ರುಚಿಯೂ ಬಂದಿದೆ, ಚಳಿ ತಡೆಯದ ಅದರ ನಾಜೂಕುತನವೂ ಸ್ವಲ್ಪ ಬಂದಿದೆ. ಮೈನಸ್ 23ರಿಂದ 26 ಅದಕ್ಕೆ ಅಂಚು.

ಬಳ್ಳಿಮಾವ
ಕೀಳಬೇಡಿ. ಕತ್ತರಿಯನ್ನೂ ಕೆಳಗಿಡಿ, ಒಂದು ವಾರ.

ಮೊದಲು ಒಂದು ಪ್ರಶ್ನೆ. ಗೊಬ್ಬರ ಹಾಕಿದೆ ಎಂದಿರಲ್ಲ, ಯಾವಾಗ ಹಾಕಿದಿರಿ? ಏನು ಹಾಕಿದಿರಿ? ಎಲೆ ಉದುರುವ ಹೊತ್ತಿಗೆ ಕಡ್ಡಿಗಳ ಬಣ್ಣ ಏನಿತ್ತು, ಹಸಿರಾ ಕಂದಾ?

ಹಿತ್ತಲಗಿಡ
ಮಾವ, ಕಾಯಿ ಹಣ್ಣಾಗುತ್ತಿಲ್ಲವಲ್ಲ ಎಂದು ಬೇಸಿಗೆ ಮುಗಿಯುವಾಗ ಕೋಳಿ ಗೊಬ್ಬರ ಹಾಕಿದೆ, ಎರಡು ಸಲ. ಹುಲ್ಲುಹಾಸಿಗೆ ಹಾಕುವ ಗೊಬ್ಬರವೂ ಸ್ವಲ್ಪ ಬುಡಕ್ಕೆ ಬಿದ್ದಿರಬಹುದು. ಕಡ್ಡಿ ಕೆಳಗೆ ಕಂದು, ಮೇಲೆ ಹಸಿರು ಇತ್ತು. ಚಳಿ ಬಂದಾಗಲೂ ತುದಿಯಲ್ಲಿ ಹೊಸ ಎಲೆ ಬಿಡುತ್ತಿತ್ತು. ಆರೋಗ್ಯವಾಗಿದೆ ಅಂದುಕೊಂಡೆ.

ಬಳ್ಳಿಮಾವ
ಅಂದುಕೊಂಡದ್ದು ಅದೇ ತಪ್ಪು. ನಾನೂ ಹಾಗೇ ಅಂದುಕೊಂಡು ಎರಡು ಬಳ್ಳಿ ಕಳೆದುಕೊಂಡವನು.

ನಿಮಗೆ ಎರಡು ತೊಂದರೆ ಕಾಣುತ್ತಿದೆ. ಕಾಯಿ ಹುಳಿ, ಕಡ್ಡಿ ಸತ್ತಿದೆ. ನನಗೆ ಒಂದೇ ಕಾಣುತ್ತಿದೆ. ಬಳ್ಳಿ ಬೇಸಿಗೆಯಿಡೀ ಎಲೆಯಲ್ಲಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಗೆ ಮೂರು ಕಡೆ ಬೇಡಿಕೆ: ಕಾಯಿ, ಕಡ್ಡಿ, ಬೇರು. ಮೂರನೇ ವರ್ಷದ ಎಳೆ ಬಳ್ಳಿಯ ಮೇಲೆ 34 ಗೊಂಚಲು ಬಿಟ್ಟರೆ ಯಾರಿಗೂ ಸಾಲುವುದಿಲ್ಲ. ಕಾಯಿಗೆ ಸಾಲದ್ದಕ್ಕೆ ಹುಳಿ ಉಳಿಯಿತು. ಕಡ್ಡಿಗೆ ಸಾಲದ್ದಕ್ಕೆ ಅದು ಬಲಿಯಲಿಲ್ಲ. ಅದರ ಮೇಲೆ ಬೇಸಿಗೆ ಕೊನೆಗೆ ಕೋಳಿ ಗೊಬ್ಬರ ಬೇರೆ! ಮಲಗುವ ಹೊತ್ತಿನಲ್ಲಿ ಮಗುವಿಗೆ ಕಾಫಿ ಕುಡಿಸಿದ ಹಾಗೆ. ಸಾರಜನಕ ಸಿಕ್ಕಿದ ಬಳ್ಳಿ ಇನ್ನೂ ಬೆಳೆಯಬೇಕು ಅಂದುಕೊಂಡಿತು, ಚಳಿಗೆ ಸಿದ್ಧವೇ ಆಗಲಿಲ್ಲ.

ಚೀಟಿಯಲ್ಲಿ ಬರೆದ ಮೈನಸ್ ಅಂಕಿ ಚೆನ್ನಾಗಿ ಬಲಿತ ಕಂದು ಕಡ್ಡಿಗೆ, ಅದೂ ನಡು ಚಳಿಗಾಲದಲ್ಲಿ. ಹಸಿರು ಕಡ್ಡಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಅದು ಮೊದಲ ಗಟ್ಟಿ ಚಳಿಗೇ ಹೋಗುತ್ತದೆ.

ಈಗ ಮಾಡಬೇಕಾದ ಕೆಲಸ. ಬೇರೆ ಬೇರೆ ಕಡೆಯಿಂದ ನಾಲ್ಕೈದು ಕಡ್ಡಿ ಕತ್ತರಿಸಿ. ಪೆನ್ಸಿಲ್ ದಪ್ಪದ, ಕಂದು ಬಣ್ಣದ ಕಡ್ಡಿ ಆಗಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದೆರಡು ದಿನ ಮನೆಯೊಳಗೆ ಇಡಿ. ತಕ್ಷಣ ಕೊಯ್ದರೆ ಸತ್ತ ಕಣ್ಣೂ ಹಸಿರಾಗಿಯೇ ಕಾಣುತ್ತದೆ. ಬೆಚ್ಚಗೆ ಇಟ್ಟರೆ ಸತ್ತದ್ದು ಕಂದು ತಿರುಗುತ್ತದೆ. ಆಮೇಲೆ ಹೊಸ ಬ್ಲೇಡು ತೆಗೆದುಕೊಂಡು ಕಣ್ಣನ್ನು ಅಡ್ಡಕ್ಕೆ ತೆಳುವಾಗಿ ಕೊಯ್ಯಿರಿ. ಕಣ್ಣಿನ ಮೇಲ್ಭಾಗದಿಂದ ಶುರುಮಾಡಿ ಪದರ ಪದರವಾಗಿ ಇಳಿಯಬೇಕು. ಮೊದಲು ಬರೀ ಕಂದು ಹತ್ತಿಯಂಥ ತುಪ್ಪಳ ಸಿಗುತ್ತದೆ, ಅದನ್ನು ನೋಡಿ ಸತ್ತಿದೆ ಎಂದು ಗಾಬರಿಯಾಗಬೇಡಿ. ಇನ್ನೊಂದು ಕೂದಲೆಳೆ ಕೆಳಗೆ ಹೋದರೆ ಮೂರು ಚುಕ್ಕಿ ಕಾಣುತ್ತವೆ. ನಡುವೆ ದೊಡ್ಡದು, ಅದೇ ಮೊದಲ ಮೊಳಕೆ. ಅಕ್ಕಪಕ್ಕ ಎರಡು ಚಿಕ್ಕವು. ಹಸಿರಾಗಿ ಹೊಳೆಯುತ್ತಿದ್ದರೆ ಜೀವ ಇದೆ. ಕಾಫಿಪುಡಿ ಬಣ್ಣ ಇದ್ದರೆ ಹೋಯಿತು.

ಎಣಿಸಿ, ಬರೆದಿಟ್ಟು ಬನ್ನಿ.

ಕತ್ತರಿಕೈ
ಕನ್ನಡಕ ಹಾಕಿಕೊಂಡು ಮಾಡಿ ಅಣ್ಣ, ಹೆಬ್ಬೆರಳು ಜೋಪಾನ. ನಾನು ಮೊದಲ ಸಲ ಎಣಿಸಿದ್ದು ಹನ್ನೆರಡು ಕಣ್ಣು, ಒಂದು ಬೆರಳು.

ಹಿತ್ತಲಗಿಡ
ಎರಡು ದಿನದ ಮೇಲೆ ಬಂದೆ. ಅಡುಗೆಮನೆ ಮೇಜಿನ ಮೇಲೆ ಕೂತು 40 ಕಣ್ಣು ಕೊಯ್ದೆ. ಮೊದಲ ಐದಾರು ಹಾಳು ಮಾಡಿದೆ, ಆಮೇಲೆ ಕೈ ಕೂತಿತು. ನಿಜಕ್ಕೂ ಮೂರು ಚುಕ್ಕಿ! ಇಷ್ಟು ವರ್ಷ ಒಂದು ಕಣ್ಣು ಎಂದರೆ ಒಂದೇ ಮೊಳಕೆ ಅಂದುಕೊಂಡಿದ್ದೆ.

ಲೆಕ್ಕ: 40ರಲ್ಲಿ 22 ಕಣ್ಣುಗಳ ನಡುವಿನ ಚುಕ್ಕಿ ಕಂದು. ಆ 22ರಲ್ಲಿ 9ಕ್ಕೆ ಪಕ್ಕದ್ದೂ ಕಂದು. ಉಳಿದ 18 ಪೂರ್ತಿ ಹಸಿರು. ಒಂದು ವಿಚಿತ್ರ ಗಮನಿಸಿದೆ. ಬುಡಕ್ಕೆ ಹತ್ತಿರದ, ಬಿಸಿಲಿಗೆ ಬಿದ್ದಿದ್ದ ಕಡ್ಡಿಗಳಲ್ಲಿ ಹಸಿರು ಜಾಸ್ತಿ. ಎಲೆಯ ಗುಂಪಿನೊಳಗೆ ನೆರಳಲ್ಲಿದ್ದ ಕಡ್ಡಿ ಒಂದರಲ್ಲಿ ಎಲ್ಲವೂ ಸತ್ತಿತ್ತು.

ಬಳ್ಳಿಮಾವ
ವಿಚಿತ್ರ ಅಲ್ಲ, ಅದೇ ಪಾಠ. ಬಿಸಿಲು ಕಂಡ ಕಡ್ಡಿ ಬಲಿಯುತ್ತದೆ. ಮುಂದಿನ ವರ್ಷದ ಹೂವಿನ ಮೊಗ್ಗು ಕಣ್ಣಿನೊಳಗೆ ತಯಾರಾಗುವುದೂ ಹಿಂದಿನ ಬೇಸಿಗೆಯ ಬಿಸಿಲಿನಲ್ಲೇ. ನೆರಳಿನ ಕಡ್ಡಿ ಬದುಕಿದರೂ ಬರೀ ಎಲೆ ಕೊಡುತ್ತದೆ.

ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗಿದೆ, ಅಷ್ಟೇ. ಬಳ್ಳಿ ಬದುಕಿದೆ. ಕತ್ತರಿಕೈ ಅವರೇ, ಸವರುವ ವಿಷಯ ನೀವು ಹೇಳಿ, ನಿಮ್ಮ ಕೈ ನನಗಿಂತ ಚೆನ್ನಾಗಿದೆ.

ಕತ್ತರಿಕೈ
ಸರಿ ಮಾವ. ಅಣ್ಣ, ಒಂದಡಿ ಬಿಟ್ಟು ಎಲ್ಲ ಕತ್ತರಿಸುವ ಯೋಚನೆ ಬಿಡಿ. ಕಾರಣ ಎರಡು.

ದ್ರಾಕ್ಷಿ ಬಿಡುವುದು ಹೋದ ವರ್ಷದ ಕಡ್ಡಿಯಿಂದ ಈ ವರ್ಷ ಹೊರಡುವ ಚಿಗುರಿನಲ್ಲಿ. ಹಳೇ ತೊಗಟೆಯ ದಪ್ಪ ಕಾಂಡದಿಂದ ಬರುವ ಚಿಗುರಿನಲ್ಲಿ ಸಾಮಾನ್ಯವಾಗಿ ಹಣ್ಣಿಲ್ಲ. ಎಲ್ಲ ಕತ್ತರಿಸಿದರೆ ಈ ವರ್ಷದ ಹಣ್ಣಿಗೆ ನೀವೇ ಎಳ್ಳುನೀರು ಬಿಟ್ಟ ಹಾಗೆ.

ಇನ್ನೊಂದು, ಹಿಮ್ರಾಡ್‌ನಲ್ಲಿ ಕಡ್ಡಿಯ ಬುಡದ ಒಂದೆರಡು ಕಣ್ಣು ಸೋಮಾರಿಗಳು. ಥಾಮ್ಸನ್‌ನಿಂದ ಬಂದ ಗುಣ. ಎರಡು ಕಣ್ಣು ಮಾತ್ರ ಉಳಿಸಿ ಗಿಡ್ಡ ಚಾಟನಿ (ಸವರುವುದು) ಮಾಡಿದರೆ ಬಳ್ಳಿ ಸೊಂಪಾಗಿ ಬರುತ್ತದೆ, ಗೊಂಚಲು ಕಡಿಮೆ. ಇದಕ್ಕೆ ಉದ್ದ ಚಾಟನಿ ಬೇಕು. ಎಂಟು ಹತ್ತು ಕಣ್ಣಿನ ಉದ್ದ ಕಡ್ಡಿಗಳನ್ನು ಬಿಟ್ಟು ತಂತಿಗೆ ಕಟ್ಟಬೇಕು. ಪ್ರತಿ ಕಡ್ಡಿಯ ಬುಡದ ಹತ್ತಿರ ಎರಡು ಕಣ್ಣಿನ ಒಂದು ಗಿಡ್ಡ ಕಡ್ಡಿಯೂ ಇರಲಿ. ಅದರಿಂದ ಬರುವುದು ಮುಂದಿನ ವರ್ಷದ ಉದ್ದ ಕಡ್ಡಿ.

ಒಳ್ಳೆಯ ವರ್ಷ ಆಗಿದ್ದರೆ ನಿಮ್ಮ ಬಳ್ಳಿಗೆ ಸುಮಾರು 30 ಕಣ್ಣು ಬಿಡಿ ಎನ್ನುತ್ತಿದ್ದೆ. ಅರ್ಧ ಸತ್ತಿರುವುದರಿಂದ 60 ಬಿಡಿ. ಸತ್ತವು ಏಳುವುದಿಲ್ಲ, ಲೆಕ್ಕ ಸರಿಹೋಗುತ್ತದೆ. ಎಲ್ಲ ಸೇರಿ ಹೋದ ವರ್ಷದ ಬೆಳವಣಿಗೆಯಲ್ಲಿ ಮುಕ್ಕಾಲು ಭಾಗ ಕೆಳಗೆ ಬೀಳುತ್ತದೆ. ನೋಡಲು ಕಷ್ಟ ಆಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಾಮೂಲಿ ವರ್ಷದಲ್ಲಿ ನಾನು ನೂರಕ್ಕೆ ತೊಂಬತ್ತು ತೆಗೆಯುತ್ತೇನೆ. ಹೊಸಬರು ಯಾರೂ ಸಾಕಷ್ಟು ಕತ್ತರಿಸುವುದಿಲ್ಲ, ಹಿಂದಿನ ವರ್ಷ ನೀವು ಕತ್ತರಿಸಲೇ ಇಲ್ಲ ಅಲ್ವಾ? 34 ಗೊಂಚಲು ಬಂದದ್ದು ಅದಕ್ಕೇ.

ಹಿತ್ತಲಗಿಡ
ಕತ್ತರಿಸಲಿಲ್ಲ ಅಕ್ಕ. ಪಾಪ ಅನಿಸಿತು.

ಸುಮ್ನೆನೋಡುವವ
ಈಗ ಕತ್ತರಿಸಿದರೆ ಗಾಯದಿಂದ ನೀರು ಸುರಿಯುತ್ತದೆ. ನಮ್ಮ ಬಳ್ಳಿ ಹೋದ ವಸಂತದಲ್ಲಿ ನಲ್ಲಿ ಥರ ಸೋರಿತು. ಬಳ್ಳಿ ಸಾಯುವುದಿಲ್ಲವಾ?

ಕತ್ತರಿಕೈ
ಸೋರಲಿ ಬಿಡಿ. ಬೇರು ಎದ್ದು ನೀರು ಮೇಲೆತ್ತುತ್ತಿದೆ ಎಂದರ್ಥ, ಅದರಿಂದ ಬಳ್ಳಿಗೇನೂ ಆಗುವುದಿಲ್ಲ. ಮೇಣ, ಬಣ್ಣ ಏನೂ ಬಳಿಯಬೇಡಿ. ನಡು ಚಳಿಯಲ್ಲಿ ಕತ್ತರಿಸುವುದೇ ಅಪಾಯ. ಆಮೇಲೆ ಇನ್ನೊಂದು ಗಟ್ಟಿ ಚಳಿ ಬಂದರೆ ಉಳಿಸಿದ ಕಡ್ಡಿಯೂ ಹೋಗುತ್ತದೆ, ಕೈಯಲ್ಲಿ ಬೇರೆ ಕಡ್ಡಿ ಇರುವುದಿಲ್ಲ.

ಒಂದು ಕಿಲಾಡಿತನ ಹೇಳುತ್ತೇನೆ. ಎರಡು ಸಲ ಕತ್ತರಿಸಿ. ಈಗ ಬೇಡದ ಕಡ್ಡಿ ತೆಗೆಯಿರಿ, ಆದರೆ ಉಳಿಸುವ ಕಡ್ಡಿಗಳನ್ನು ಬೇಕಾದ್ದಕ್ಕಿಂತ ಉದ್ದ ಬಿಡಿ, ತಂತಿಗೆ ಕಟ್ಟಬೇಡಿ, ನೆಟ್ಟಗೆ ನಿಂತಿರಲಿ. ದ್ರಾಕ್ಷಿಯಲ್ಲಿ ತುದಿಯ ಕಣ್ಣು ಮೊದಲು ಒಡೆಯುತ್ತದೆ, ಅದು ಒಡೆದಾಗ ಕೆಳಗಿನವು ಇನ್ನೂ ನಿದ್ದೆಯಲ್ಲಿರುತ್ತವೆ. ವಸಂತದ ಕೊನೆಯ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಬಂದರೆ ತುದಿ ಸಾಯಲಿ, ನಮಗೆ ಬೇಕಾದ ಕಣ್ಣು ಸುರಕ್ಷಿತ. ಅಪಾಯ ಕಳೆದ ಮೇಲೆ ತುದಿ ಕತ್ತರಿಸಿ ಕಟ್ಟಿ.

ಮಣ್ಣುಹೊದಿಕೆ
ಇಷ್ಟೆಲ್ಲ ಯಾಕೆ? ಬಳ್ಳಿಯನ್ನು ಮಲಗಿಸಿ ಹೂತರೆ ಮುಗಿಯಿತು. ನಾನು ಎಂಟು ವರ್ಷದಿಂದ ಮಾಡುತ್ತಿದ್ದೇನೆ. ನಮ್ಮಲ್ಲಿ ಮೈನಸ್ 30 ಮಾಮೂಲು.

ನೆಡುವಾಗಲೇ ಕಾಂಡವನ್ನು ಓರೆಯಾಗಿ, ನೆಲಕ್ಕೆ ಹತ್ತಿರ ಬೆಳೆಸಬೇಕು. ಎಲೆ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮುಂಚೆ, ತಂತಿಯಿಂದ ಬಿಚ್ಚಿ ಮಲಗಿಸುತ್ತೇನೆ. ಕಬ್ಬಿಣದ ಕೊಕ್ಕೆ ಹೊಡೆದು ಮೇಲೆ ಒಂದು ಗೇಣು ಮಣ್ಣು ಎಳೆಯುತ್ತೇನೆ. ಅದರ ಮೇಲೆ ಹಿಮ ಬಿದ್ದರೆ ಇನ್ನೂ ಒಳ್ಳೆಯದು. ಹಿಮ ಕಂಬಳಿ ಇದ್ದ ಹಾಗೆ, ಮೇಲೆ ಮೈನಸ್ 30 ಇದ್ದರೂ ಕೆಳಗೆ ಅಷ್ಟು ಚಳಿ ಇರುವುದಿಲ್ಲ.

ಮೊದಲ ವರ್ಷ ಮಣ್ಣಿನ ಬದಲು ಹುಲ್ಲು ಹೊದಿಸಿದ್ದೆ. ಬೆಚ್ಚಗೆ ಇರಲಿ ಎಂದು ದಪ್ಪಗೆ ಹೊದಿಸಿದೆ. ಇಲಿಗಳಿಗೂ ಬೆಚ್ಚಗಿತ್ತು. ವಸಂತದಲ್ಲಿ ತೆಗೆದು ನೋಡಿದರೆ ಕಾಂಡದ ತೊಗಟೆ ಸುತ್ತಲೂ ಕೆರೆದು ತಿಂದಿದ್ದವು. ಎಷ್ಟು ಚೊಕ್ಕವಾಗಿ ಎಂದರೆ ಯಾರೋ ಚಾಕುವಿನಲ್ಲಿ ಸುಲಿದ ಹಾಗೆ. ಅಂದಿನಿಂದ ಬರೀ ಮಣ್ಣು.

ಬಳ್ಳಿಮಾವ
ಮೈನಸ್ 30ಕ್ಕೆ ಹೂಳುವುದು ಸರಿ. ಆದರೆ ಹಿತ್ತಲಗಿಡ ಅವರ ಕಾಂಡ ಈಗಾಗಲೇ ನೆಟ್ಟಗೆ ಬೆಳೆದು ದಪ್ಪ ಆಗಿರಬೇಕು. ಬಗ್ಗಿಸಿದರೆ ಸೀಳುತ್ತದೆ. ಬುಡದಿಂದ ಬರುವ ಹೊಸ ಚಿಗುರೊಂದನ್ನು ಈ ವರ್ಷ ಓರೆಯಾಗಿ ಬೆಳೆಸಿಕೊಳ್ಳಲಿ, ಅದು ಎರಡನೇ ಕಾಂಡ ಆಗುತ್ತದೆ. ಚಳಿ ಜಾಗದಲ್ಲಿ ಒಂದೇ ಕಾಂಡದ ಬಳ್ಳಿ ಎಂದರೆ ಒಂದೇ ಕಂಬದ ಮನೆ. ಎರಡು ಮೂರು ಕಾಂಡ ಇದ್ದರೆ ಒಂದು ಹೋದರೂ ಇನ್ನೊಂದು ಇರುತ್ತದೆ. ಚಳಿಗೆ ಸೀಳಿದ ಕಾಂಡದಲ್ಲಿ ಗಂಟು ಗಂಟಾಗಿ ಗೆಡ್ಡೆ ಬರುವ ರೋಗ ಸೇರಿಕೊಳ್ಳುತ್ತದೆ, ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಅದಕ್ಕೆ ಔಷಧಿ ಇಲ್ಲ, ಆ ಕಾಂಡ ತೆಗೆದು ಹೊಸದನ್ನು ಎಬ್ಬಿಸುವುದೇ ದಾರಿ.

ಬುಡದ ಚಿಗುರು ಉಳಿಸುವ ಮುಂಚೆ ಒಂದು ವಿಷಯ. ಬಳ್ಳಿ ಕಸಿ ಮಾಡಿದ್ದಾ, ಸ್ವಂತ ಬೇರಿನದ್ದಾ? ಕಸಿ ಆಗಿದ್ದರೆ ಗಂಟಿನ ಕೆಳಗಿನ ಚಿಗುರು ಬೇರೆ ಜಾತಿ. ಸ್ವಂತ ಬೇರಿನದ್ದಾದರೆ ನೆಲಮಟ್ಟಕ್ಕೆ ಸತ್ತರೂ ಮತ್ತೆ ಹಿಮ್ರಾಡೇ ಏಳುತ್ತದೆ.

ಹಿತ್ತಲಗಿಡ
ಕಸಿ ಗಂಟು ಕಾಣಲಿಲ್ಲ ಮಾವ. ಸ್ವಂತ ಬೇರು ಅನಿಸುತ್ತದೆ.

ಕುಂಡದತೋಟ
ನಡುವೆ ಬಾಯಿ ಹಾಕುತ್ತಿದ್ದೇನೆ. ಕುಂಡದಲ್ಲಿ ಬೆಳೆಯಬಹುದಾ? ಬಾಲ್ಕನಿ ಮಾತ್ರ ಇದೆ.

ಲೆಕ್ಕದಮೇಷ್ಟ್ರು
ಬೆಳೆಯಬಹುದು. ಆದರೆ ಕಡ್ಡಿಗಿರುವ ತಾಕತ್ತು ಬೇರಿಗಿಲ್ಲ. ನೆಲದಲ್ಲಿ ಮಣ್ಣೇ ಕಾಪಾಡುತ್ತದೆ, ಕುಂಡದಲ್ಲಿ ಸುತ್ತಲಿಂದ ಚಳಿ ಹೊಡೆಯುತ್ತದೆ. ಎಲೆ ಉದುರಿದ ಮೇಲೆ ಬಿಸಿ ಮಾಡದ ಗ್ಯಾರೇಜು ಅಥವಾ ನೆಲಮಾಳಿಗೆಗೆ ಸಾಗಿಸಿ. ಬೆಚ್ಚಗಿನ ಕೋಣೆಗೆ ಬೇಡ, ಅದಕ್ಕೆ ಚಳಿಯ ನಿದ್ದೆ ಬೇಕೇ ಬೇಕು. ತಿಂಗಳಿಗೊಮ್ಮೆ ಮಣ್ಣು ಪೂರ್ತಿ ಒಣಗದಷ್ಟು ನೀರು ಸಾಕು.

ಮೋಡದಮರೆ
ನಾನು ಹೊಸದಾಗಿ ನೆಡಬೇಕೆಂದಿದ್ದೇನೆ. ಮನೆಯ ಬಿಸಿಲು ಬೀಳುವ ಗೋಡೆಗೆ ಒತ್ತಿ ಹಾಕಲಾ? ಹಿತ್ತಲಿನ ತಗ್ಗಿನಲ್ಲಿ ಜಾಗವೂ ಜಾಸ್ತಿ, ಮಣ್ಣೂ ಚೆನ್ನಾಗಿದೆ. ಯಾವ ತಳಿ?

ಲೆಕ್ಕದಮೇಷ್ಟ್ರು
ತಗ್ಗು ಬೇಡವೇ ಬೇಡ. ರಾತ್ರಿ ಚಳಿ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಾನು ಒಂದು ವಸಂತ ಎರಡು ಥರ್ಮಾಮೀಟರ್ ಇಟ್ಟು ನೋಡಿದೆ. ಗೋಡೆಯ ಹತ್ತಿರ ಒಂದು, ಹಿತ್ತಲಿನ ಕೆಳ ತುದಿಯಲ್ಲಿ ಒಂದು. ನಡುವೆ ಮೂವತ್ತು ಹೆಜ್ಜೆ. ಗಾಳಿಯಿಲ್ಲದ ತಿಳಿ ರಾತ್ರಿಗಳಲ್ಲಿ ಮೂರು ಡಿಗ್ರಿ ವ್ಯತ್ಯಾಸ ಬಂತು. ಎಳೆ ಚಿಗುರು ಸುಮಾರು ಮೈನಸ್ 2ಕ್ಕೆ ಸುಟ್ಟಂತೆ ಕಪ್ಪಾಗುತ್ತದೆ. ಮೂರು ಡಿಗ್ರಿ ಎಂದರೆ ಹಣ್ಣು ಉಂಟೋ ಇಲ್ಲವೋ ಎನ್ನುವಷ್ಟು ವ್ಯತ್ಯಾಸ.

ಮಣ್ಣುಹೊದಿಕೆ
ಗೋಡೆಗೆ ಒತ್ತಿದರೆ ಬೇರೆ ತಲೆನೋವು. ಬಿಸಿ ಗೋಡೆ ಕಣ್ಣನ್ನು ಬೇಗ ಒಡೆಸುತ್ತದೆ, ಫ್ರಾಸ್ಟ್ ಇನ್ನೂ ಮುಗಿದಿರುವುದಿಲ್ಲ. ಗಾಳಿ ಆಡದೆ ಬೂದಿ ರೋಗವೂ ಬರುತ್ತದೆ.

ಲೆಕ್ಕದಮೇಷ್ಟ್ರು
ಒಪ್ಪುತ್ತೇನೆ, ಆದರೂ ಗೋಡೆಯೇ ಸರಿ. ಬೇಗ ಒಡೆದ ಕಣ್ಣನ್ನು ಎರಡು ಮೂರು ರಾತ್ರಿ ಬೆಡ್‌ಶೀಟ್ ಹೊದಿಸಿ ಕಾಪಾಡಬಹುದು. ಬಿಸಿಲು ಸಾಲದೆ ಹಣ್ಣಾಗದ ಗೊಂಚಲಿಗೆ ಏನು ಹೊದಿಸುತ್ತೀರಿ? ದ್ರಾಕ್ಷಿ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಬಾಳೆಯ ಹಾಗೆ ಒಳಗೆ ಇಟ್ಟು ಮಾಗಿಸಲು ಬರುವುದಿಲ್ಲ. ಗೋಡೆಯಿಂದ ಒಂದೂವರೆ ಎರಡು ಅಡಿ ದೂರ ತಂತಿ ಕಟ್ಟಿ, ಗಾಳಿಯೂ ಆಡುತ್ತದೆ.

ಹೊದಿಸುವಾಗ ಪ್ಲಾಸ್ಟಿಕ್ ಬೇಡ, ಅದು ಮುಟ್ಟಿದ ಎಲೆ ಸುಡುತ್ತದೆ. ಬಟ್ಟೆ ನೆಲದವರೆಗೆ ಇಳಿಬಿಡಿ, ಮಣ್ಣಿನ ಬಿಸಿ ಒಳಗೆ ಉಳಿಯಬೇಕು. ಆ ದಿನಗಳಲ್ಲಿ ಬುಡದ ಮುಚ್ಚಿಗೆ ಸರಿಸಿ ನೆಲ ಒದ್ದೆ ಮಾಡಿ. ಮುಚ್ಚಿಗೆ ಇಲ್ಲದ ಒದ್ದೆ ಮಣ್ಣು ಹಗಲು ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ಬಟ್ಟೆಯೊಳಗೆ ಹಳೇ ಕಾಲದ ಬಿಸಿಯಾಗುವ ಸಣ್ಣ ಬಲ್ಬಿನ ಸರ ಹಾಕಿದರೆ ಇನ್ನೂ ಒಂದೆರಡು ಡಿಗ್ರಿ. ಹೊಸ ಎಲ್‌ಇಡಿ ಸರ ಹಾಕಿದರೆ ಬಳ್ಳಿ ಚೆಂದ ಕಾಣುತ್ತದೆ ಅಷ್ಟೇ.

ಬಳ್ಳಿಮಾವ
ಮೋಡದಮರೆ, ತಳಿ ಆರಿಸುವಾಗ ಎಲ್ಲರೂ ಮೈನಸ್ ಎಷ್ಟು ಎಂದು ಕೇಳುತ್ತಾರೆ. ಅದರ ಜೊತೆಗೆ ಎಷ್ಟು ಬೇಗ ಹಣ್ಣಾಗುತ್ತದೆ ಎಂದೂ ಕೇಳಬೇಕು. ನನ್ನ ಅನುಭವ ಹೇಳುತ್ತೇನೆ, ಒಪ್ಪದವರು ಬೈಯಬಹುದು.

ಬಹಳ ಚಳಿ ಇದ್ದರೆ ಸೋಮರ್‌ಸೆಟ್ ಸೀಡ್‌ಲೆಸ್. ಅಮೆರಿಕದ ವಿಸ್ಕಾನ್ಸಿನ್‌ನ ಎಲ್ಮರ್ ಸ್ವೆನ್ಸನ್ ಬೆಳೆಸಿದ ತಳಿ. ಅವರು ಹಾಲಿನ ದನ ಸಾಕುತ್ತಿದ್ದ ರೈತ. 1943ರಿಂದ ಸ್ವಂತ ಜಮೀನಿನಲ್ಲಿ ದ್ರಾಕ್ಷಿ ಸಂಕರ ಮಾಡುತ್ತಾ ಬಂದವರು, ನದಿ ದಂಡೆಯ ಕಾಡು ದ್ರಾಕ್ಷಿಯ ಚಳಿ ತಡೆಯುವ ಗುಣವನ್ನು ಊಟದ ದ್ರಾಕ್ಷಿಗೆ ತಂದವರು. ಮೈನಸ್ 34ರ ಸುಮಾರಿನವರೆಗೆ ತಡೆಯುತ್ತದೆ, ಬೇಗ ಹಣ್ಣಾಗುತ್ತದೆ. ಹಣ್ಣು ಸಣ್ಣದು, ಗೊಂಚಲೂ ಸಣ್ಣದು. ರುಚಿಯಲ್ಲಿ ಸೋಲುವುದಿಲ್ಲ.

ಅದರ ನಂತರ ರಿಲಯನ್ಸ್. ಗುಲಾಬಿ ಬಣ್ಣ, ಗಟ್ಟಿ ಬಳ್ಳಿ, ತುಂಬ ಸಿಹಿ. ಹಣ್ಣಾಗುವಾಗ ಮಳೆ ಬಂದರೆ ಸಿಪ್ಪೆ ಸೀಳುತ್ತದೆ, ನನ್ನದು ಮೂರು ವರ್ಷದಲ್ಲಿ ಒಂದು ವರ್ಷ ಹಾಗೇ ಹೋಗುತ್ತದೆ. ಕೆನಡೈಸ್ 1977ರ ತಳಿ, ಹಿಮ್ರಾಡ್‌ನ ಮಗಳು, ಕೆಂಪು. ಗೊಂಚಲು ಎಷ್ಟು ಒತ್ತೊತ್ತಾಗಿ ಇರುತ್ತದೆಂದರೆ ಒಂದು ಹಣ್ಣು ಕೊಳೆತರೆ ನಡುವಿನದೆಲ್ಲ ಕೊಳೆಯುತ್ತದೆ. ಅದಕ್ಕೆ ಕಾಯಿ ಬಟಾಣಿ ಗಾತ್ರ ಆಗುವ ಮುಂಚೆಯೇ ಗೊಂಚಲಿನೊಳಗೆ ಬಿಡಿಸಬೇಕು. ಹಿಮ್ರಾಡ್ ಇವೆಲ್ಲಕ್ಕಿಂತ ನಾಜೂಕು, ರುಚಿಯಲ್ಲಿ ನನಗೆ ಇವೆಲ್ಲಕ್ಕಿಂತ ಮೇಲು. ಅದಕ್ಕೇ ಹಿತ್ತಲಗಿಡ ಅವರಿಗೆ ಕೀಳಬೇಡಿ ಎಂದದ್ದು.

ಒಂದೇ ಬಳ್ಳಿ ಸಾಕಾ ಎಂದು ಮುಂದೆ ಕೇಳುತ್ತೀರಿ. ಸಾಕು. ಇವೆಲ್ಲ ತಮಗೆ ತಾವೇ ಪರಾಗ ಕಟ್ಟಿಕೊಳ್ಳುತ್ತವೆ, ಜೋಡಿ ಬೇಕಿಲ್ಲ.

ಹಿತ್ತಲಗಿಡ
ಬೇಸಿಗೆ ಶುರುವಿನ ವರದಿ. ಅಕ್ಕ ಹೇಳಿದ ಹಾಗೆ ಉದ್ದ ಕಡ್ಡಿ ನೆಟ್ಟಗೆ ಬಿಟ್ಟಿದ್ದೆ. ತುದಿಯಲ್ಲಿ ಚಿಗುರು ಎರಡಂಗುಲ ಆದಾಗ ಒಂದು ರಾತ್ರಿ ಮೈನಸ್ 3. ಬೆಳಿಗ್ಗೆ ಚಿಗುರೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಕೆಳಗಿನ ಕಣ್ಣುಗಳು ಉಬ್ಬಿದ್ದವು, ಒಡೆದಿರಲಿಲ್ಲ. ಹತ್ತು ದಿನ ಬಿಟ್ಟು ತುದಿ ಕತ್ತರಿಸಿ ಕಟ್ಟಿದೆ. ಈಗ ಚಿಗುರು ಮೊಣಕೈ ಉದ್ದ, ಕೆಲವುದರಲ್ಲಿ ಪುಟ್ಟ ಹೂಗೊಂಚಲು! ಒಟ್ಟು 19.

ಒಂದು ಭಯ. ಬೇಲಿಯ ಕಡೆ ಇರುವ ಎಲೆಗಳು ವಿಚಿತ್ರವಾಗಿವೆ. ಬೀಸಣಿಗೆಯ ಹಾಗೆ ಮಡಿಕೆ ಮಡಿಕೆ, ನರಗಳು ಒಂದರ ಪಕ್ಕ ಒಂದು ಒತ್ತಿಕೊಂಡಿವೆ. ಇದು ಯಾವ ರೋಗ?

ಕತ್ತರಿಕೈ
ಬೇಲಿಯಾಚೆ ಹುಲ್ಲುಹಾಸಿಗೆ ಯಾರಾದರೂ ಕಳೆನಾಶಕ ಹೊಡೆದರಾ?

ಹಿತ್ತಲಗಿಡ
ಹೊಡೆದಿದ್ದಾರೆ! ಹಿಂದಿನ ವಾರ. ನಿಮಗೆ ಹೇಗೆ ಗೊತ್ತಾಯಿತು?

ಕತ್ತರಿಕೈ
ಬೀಸಣಿಗೆ ಎಲೆ ಎಂದರೆ 2,4-ಡಿ. ಅಗಲ ಎಲೆಯ ಕಳೆ ಕೊಲ್ಲುವ ಔಷಧಿ. ದ್ರಾಕ್ಷಿಗೆ ಅದು ಆಗಿಬರುವುದೇ ಇಲ್ಲ, ಗಾಳಿಯಲ್ಲಿ ತೇಲಿ ಬಂದ ಚೂರಿಗೂ ಹೀಗಾಗುತ್ತದೆ. ಸ್ವಲ್ಪವೇ ತಗುಲಿದ್ದರೆ ಹೊಸ ಎಲೆ ಸರಿಯಾಗಿ ಬರುತ್ತದೆ, ಕಾಯಿರಿ. ಆ ಕಡೆಯ ಗೊಂಚಲಿಗೂ ಬಿದ್ದಿರಬಹುದು, ಅವನ್ನು ತೆಗೆದುಬಿಡಿ. ಜಗಳ ಬೇಡ, ಮುಂದಿನ ಸಲ ಹೊಡೆಯುವ ಮುಂಚೆ ಹೇಳಲು ಕೇಳಿಕೊಳ್ಳಿ. ಹಣ್ಣಾದಾಗ ಒಂದು ಗೊಂಚಲು ಕೊಡುತ್ತೇನೆ ಎಂದರೆ ಒಪ್ಪುತ್ತಾರೆ.

ಬಳ್ಳಿಮಾವ
ಹತ್ತೇ ಗೊಂಚಲು ಉಳಿಯಬೇಕು. ಚಿಗುರಿಗೆ ಒಂದು. ಸೊರಗಿದ ಚಿಗುರಿಗೆ ಒಂದೂ ಬೇಡ. ಕೈ ನಡುಗುತ್ತದೆ, ಗೊತ್ತು.

ಕಾಯಿ ಕಚ್ಚಿದ ಮೇಲೆ ಗೊಂಚಲಿನ ಸುತ್ತಲಿನ ಎಲೆ ಎರಡು ಮೂರು ತೆಗೆಯಿರಿ, ಬೆಳಗಿನ ಬಿಸಿಲು ಬೀಳುವ ಕಡೆಯವು. ಇಬ್ಬನಿ ಬೇಗ ಆರುತ್ತದೆ, ರೋಗ ಕಡಿಮೆ. ಬೇಸಿಗೆಯ ಅರ್ಧ ಕಳೆದ ಮೇಲೆ ಗೊಬ್ಬರ ಒಂದು ಚಮಚವೂ ಹಾಕಬೇಡಿ. ನೀರೂ ಕೈ ಹಿಡಿದು.

ಸುಮ್ನೆನೋಡುವವ
ಕಾಯಿ ದಪ್ಪ ಆಗಲು ತೋಟದವರು ಏನೋ ದ್ರಾವಣದಲ್ಲಿ ಅದ್ದುತ್ತಾರಲ್ಲ?

ಬಳ್ಳಿಮಾವ
ಜಿಎ, ಜಿಬ್ಬರೆಲಿಕ್ ಆಮ್ಲ. ಬೀಜ ಇರುವ ಹಣ್ಣಿನಲ್ಲಿ ಬೀಜವೇ ಆ ಹಾರ್ಮೋನು ಮಾಡಿಕೊಟ್ಟು ಹಣ್ಣನ್ನು ಉಬ್ಬಿಸುತ್ತದೆ. ಬೀಜ ಇಲ್ಲದಿದ್ದರೆ ನಾವು ಹೊರಗಿನಿಂದ ಕೊಡಬೇಕು. ಮನೆಯಲ್ಲಿ ಅದರ ಗೊಡವೆ ಬೇಡ. ಪ್ರಮಾಣ ತಪ್ಪಿದರೆ ಮುಂದಿನ ವರ್ಷದ ಕಣ್ಣು ಹಾಳಾಗುತ್ತದೆ, ತಳಿಯಿಂದ ತಳಿಗೆ ಪರಿಣಾಮವೂ ಬೇರೆ. ಗೊಂಚಲಿನ ತುದಿ ಮೂರನೇ ಒಂದು ಭಾಗ ಚಿವುಟಿದರೆ ಉಳಿದವು ದಪ್ಪವಾಗುತ್ತವೆ. ನನಗೆ ಅಷ್ಟು ಸಾಕು.

ಹಿತ್ತಲಗಿಡ
ಎಲೆ ಹಳದಿಯಾಗುತ್ತಿದೆ, ಕೊನೆಯ ವರದಿ.

ಹತ್ತರಲ್ಲಿ ಒಂದು ಹಕ್ಕಿಗೆ ಹೋಯಿತು, ಬಲೆ ಹಾಕಲು ತಡಮಾಡಿದೆ. ಎರಡರಲ್ಲಿ ಕಣಜ ತೂತು ಕೊರೆದವು. ಉಳಿದ ಏಳಕ್ಕೆ ಕಾಗದದ ಚೀಲ ಕಟ್ಟಿದೆ. ಹಸಿರು ಹೋಗಿ ಜೇನಿನ ಬಣ್ಣ ಬಂತು. ಮೇಲಿನ ಹಣ್ಣು ತಿಂದು ಹಣ್ಣಾಗಿದೆ ಎಂದು ಕೀಳಲು ಹೊರಟಿದ್ದೆ. ಅಷ್ಟರಲ್ಲಿ ಗೊಂಚಲಿನ ಕೆಳ ತುದಿಯ ಹಣ್ಣು ಕೊನೆಗೆ ಹಣ್ಣಾಗುತ್ತದೆ, ಅದನ್ನು ತಿಂದು ನೋಡಿ ಎಂದು ಅಕ್ಕ ಸಂದೇಶ ಕಳಿಸಿದ್ದರು. ತಿಂದೆ, ಇನ್ನೂ ಹುಳಿ ಇತ್ತು. ಇನ್ನೊಂದು ವಾರ ಬಿಟ್ಟೆ.

ನಿನ್ನೆ ಕಿತ್ತೆವು. ಗೊಂಚಲು ಬುಟ್ಟಿಗೆ ಹಾಕುವಾಗಲೇ ಹತ್ತಿಪ್ಪತ್ತು ಹಣ್ಣು ಉದುರಿದವು, ತೊಟ್ಟು ಅಷ್ಟು ನಾಜೂಕು. ಉದುರಿದ್ದನ್ನೆಲ್ಲ ನಿಂತಲ್ಲೇ ತಿಂದೆವು. ಒಂದರಲ್ಲಿ ಹಲ್ಲಿಗೆ ಏನೋ ಸಣ್ಣಗೆ ಸಿಕ್ಕಿತು, ಎಳ್ಳಿಗಿಂತ ಚಿಕ್ಕದು. ಬೀಜವಿಲ್ಲ ಎಂದು ಚೀಟಿಯಲ್ಲಿ ಬರೆದದ್ದು ಸುಳ್ಳಾ ಮಾವ?

ಬಳ್ಳಿಮಾವ
ಸುಳ್ಳಲ್ಲ. ಈ ತಳಿಗಳಲ್ಲಿ ಬೀಜ ಹುಟ್ಟುತ್ತದೆ, ಬೆಳೆಯುವ ಮುಂಚೆಯೇ ನಿಂತುಹೋಗುತ್ತದೆ. ಅದರ ಗುರುತು ಅದು. ಕೆಲವು ತಳಿಯಲ್ಲಿ, ಕೆಲವು ವರ್ಷ, ಹಲ್ಲಿಗೆ ಗೊತ್ತಾಗುವಷ್ಟು ಉಳಿಯುತ್ತದೆ.

ಕಡ್ಡಿಯ ಬಣ್ಣ ಹೇಳಲೇ ಇಲ್ಲವಲ್ಲ?

ಹಿತ್ತಲಗಿಡ
ಈಗ ಟಾರ್ಚು ಹಿಡಿದು ಹೋಗಿ ನೋಡಿ ಬಂದೆ. ತಂತಿಯ ಮೇಲಿನವು ತುದಿಯಿಂದ ಎರಡು ಗೇಣು ಬಿಟ್ಟರೆ ಪೂರ್ತಿ ಕಂದು. ಉಗುರಿನಿಂದ ಕೆರೆದರೆ ಗಟ್ಟಿ. ಬುಡದಿಂದ ಓರೆಯಾಗಿ ಎಬ್ಬಿಸಿದ ಹೊಸ ಕಾಂಡವೂ ಕಂದು, ಅದಕ್ಕೆ ಮಣ್ಣು ಎಳೆಯಲು ಗುದ್ದಲಿ ತೆಗೆದಿಟ್ಟಿದ್ದೇನೆ. ಬಟ್ಟೆ ಹಗ್ಗಕ್ಕೆ ಬೇರೆ ಜಾಗ ಸಿಕ್ಕಿತು.

ಕತ್ತರಿಕೈ
ಬೇಲಿಯಾಚೆಗೆ ಗೊಂಚಲು ಕೊಟ್ಟಿರಾ ಅಣ್ಣ?

ಹಿತ್ತಲಗಿಡ
ಕೊಟ್ಟೆ. ಅವರೀಗ ಒಂದು ಕಡ್ಡಿ ಕೇಳುತ್ತಿದ್ದಾರೆ.